ನಮಗೆ ಹಾಲು ಒಗ್ಗುವುದಿಲ್ಲ

ರಾಮಸಮುದ್ರ
೧೨ ಜನವರಿ ೨೦೨೬, ಸೋಮವಾರ

ಅನುರಾಧಾ,

ಪತ್ರದ ಮೊದಲ ಸಾಲಿನಲ್ಲಿ ಆಶೀರ್ವಾದ ಬರೆಯುವುದು ರೂಢಿ. ಈ ಸಲ ಅದನ್ನು ಕೊನೆಗೆ ಇಟ್ಟಿದ್ದೇನೆ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಸಿಟ್ಟು ಇಳಿದಿದ್ದರೆ ಬರೆಯುತ್ತೇನೆ, ಇಳಿಯದಿದ್ದರೆ ಇಲ್ಲ.

ಮನೆ ಮುಟ್ಟಿದ್ದೇನೆ. ಶಹಾಪುರದಿಂದ ಯಾದಗಿರಿಗೆ ಬಸ್ಸು ತಕ್ಷಣ ಸಿಕ್ಕಿತು. ಯಾದಗಿರಿಯಿಂದ ಗುರುಮಠಕಲ್ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ. ಪ್ಲಾಸ್ಟರ್ ಹಾಕಿದ ಕೈ ನೋಡಿ ಯಾರೋ ಹೆಣ್ಣುಮಗಳು ಎದ್ದು ಜಾಗ ಕೊಟ್ಟಳು. ಕೂತರೆ ಅಳು ಬರುತ್ತದೆ ಅಂತ ಕೂರಲಿಲ್ಲ. ನಿನ್ನ ಫೋನು ಬಂದದ್ದೆಲ್ಲ ನೋಡಿದ್ದೇನೆ. ಬೇಕಂತಲೇ ಎತ್ತಲಿಲ್ಲ. ಎತ್ತಿದರೆ ನೀನು ಅಳುತ್ತೀ, ನೀನು ಅತ್ತರೆ ನಾನು ಹೋಗಲಿ ಬಿಡು ಅನ್ನುತ್ತೇನೆ. ಈ ಸಲ ಹೋಗಲಿ ಬಿಡು ಅನ್ನುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಪುಣ್ಯಕ್ಕೆ ಮುರಿದದ್ದು ಎಡಗೈ.

ನೀನು ಎಲ್ಲ ಮರೆತವಳ ಹಾಗೆ ನಡೆದುಕೊಂಡಿದ್ದೀ, ಅದಕ್ಕೆ ಮೊದಲಿನಿಂದ ಹೇಳುತ್ತೇನೆ, ಓದು. ಹೋದ ತಿಂಗಳು ನಾನು ಅಂಗನವಾಡಿಯ ಅಂಗಳದಲ್ಲಿ ಕಾಲು ಜಾರಿ ಬಿದ್ದೆ. ನಮ್ಮ ಸಹಾಯಕಿ ಖಾಸಿಂಬೀ ಎಬ್ಬಿಸಿ ಕೂರಿಸಿ ನಿನಗೆ ಫೋನ್ ಮಾಡಿದಳು. ನೀನು ಕಚೇರಿಗೆ ರಜೆ ಹಾಕಿ ಓಡಿ ಬಂದೆ, ಯಾದಗಿರಿಯ ದವಾಖಾನೆಗೆ ಕರೆದುಕೊಂಡು ಹೋದೆ. ಇದನ್ನೆಲ್ಲ ನಾನು ಅಲ್ಲಗಳೆಯುವುದಿಲ್ಲ. ಡಾಕ್ಟರಮ್ಮ ಎಕ್ಸರೇ ಫೋಟೋ ಹಿಡಿದು ನೋಡಿ ಎಲುಬು ಸವೆದಿವೆ ಅಂದಾಗ ನನಗಿಂತ ಮೊದಲು ನಿನ್ನ ಕಣ್ಣಲ್ಲಿ ನೀರು ಬಂತು. ಅದನ್ನೂ ನೋಡಿದ್ದೇನೆ. ಹಾಲು ಮೊಸರು ತಿನ್ನುತ್ತೀರೇನು ಅಂತ ಆಕೆ ಕೇಳಿದಾಗ ನಾನು ಬಾಯಿ ತೆಗೆಯುವುದಕ್ಕೆ ಮೊದಲೇ ನೀನೇ, ನಮ್ಮ ಅವ್ವನಿಗೆ ಹಾಲು ಒಗ್ಗುವುದಿಲ್ಲ ಅಂದೆ. ಆಕೆ ಅದನ್ನೇ ಚೀಟಿಯಲ್ಲಿ ಬರೆದುಕೊಂಡರು.

ಆಮೇಲೆ ಆಕೆ ಏನು ಹೇಳಿದರು, ನೆನಪಿದೆಯೇ? ಹಾಲು ಮೊಸರು ತಿಂದರೆ ಚಲೋ, ಒಗ್ಗದಿದ್ದರೆ ಚಿಂತೆ ಇಲ್ಲ, ಎಳ್ಳು, ರಾಗಿ, ನುಗ್ಗೆ ಸೊಪ್ಪು ತಿನ್ನಿ, ಬೆಳಗಿನ ಬಿಸಿಲಿಗೆ ಕೂರಿ, ಈ ಗುಳಿಗೆ ತಪ್ಪಿಸಬೇಡಿ ಅಂದರು. ಚಿಂತೆ ಇಲ್ಲ ಅಂತ ಬಾಯಿ ಬಿಟ್ಟು ಹೇಳಿದರು. ನೀನು ಮೊದಲ ಮಾತಿಗೇ ನಿಂತುಬಿಟ್ಟೆ. ಉಳಿದದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ನಿಮ್ಮ ಮನೆಗೆ ಬಂದ ಮೇಲೆ ನೀನೂ ಅಳಿಯಂದಿರೂ ದಿನಾ ಊಟದ ಹೊತ್ತಿಗೆ ಮೊಬೈಲು ತೆಗೆದು ವಾದ ಮಾಡಿದಿರಿ. ಅದರಲ್ಲಿ ಒಬ್ಬ ಹಾಲೇ ವಿಷ ಅನ್ನುತ್ತಾನೆ, ಹಾಲು ಬಿಟ್ಟರೆ ಸಕ್ಕರೆ ರೋಗ, ಮಂಡಿ ನೋವು ಎಲ್ಲ ಹೋಗುತ್ತವಂತೆ. ಇನ್ನೊಬ್ಬ ಹಾಲೇ ಅಮೃತ ಅನ್ನುತ್ತಾನೆ. ಇಬ್ಬರಿಗೂ ಹೊಟ್ಟೆ ತುಂಬಿದೆ, ಅದಕ್ಕೇ ಅಷ್ಟು ಮಾತು. ಅಳಿಯ ಸುನೀಲಕುಮಾರ ವಿಷದ ಕಡೆ, ನೀನು ಅಮೃತದ ಕಡೆ. ನಡುವೆ ನಾನು ಮುರಿದ ಕೈ ಇಟ್ಟುಕೊಂಡು ಕೂತಿದ್ದೆ. ಒಬ್ಬರಾದರೂ ನನ್ನ ಕಡೆ ತಿರುಗಿ, ನಿನಗೇನು ಬೇಕು ಅಂತ ಕೇಳಿದ್ದೀರಾ? ಇಪ್ಪತ್ತಾರು ವರ್ಷ ಊರಿನ ಮಕ್ಕಳಿಗೆ ಹಾಲು ಕಲಸಿ ಕುಡಿಸಿದವಳು ನಾನು. ಬಸುರಿಯರಿಗೆ ಹಾಲು ಕುಡಿಯಿರಿ ಅಂತ ಮನೆ ಮನೆಗೆ ಹೋಗಿ ಹೇಳಿದವಳು. ಹಾಲು ಕೆಟ್ಟದ್ದು ಅಂತ ನಾನು ಎಂದಾದರೂ ಅಂದಿದ್ದೇನಾ? ನೀನು ಹುಟ್ಟಿದಾಗಿನಿಂದ ನಿನಗೆ ಹಾಲು ತಪ್ಪಿಸಿದ್ದೇನಾ? ನನಗೆ ಒಗ್ಗುವುದಿಲ್ಲ ಅಂದೆ. ನನಗೆ. ಅಷ್ಟೇ.

ಅಷ್ಟಕ್ಕೆ ನೀನು ಸುಮ್ಮನಾಗಲಿಲ್ಲ. ನನ್ನ ರೊಟ್ಟಿ ಹಿಟ್ಟನ್ನು ಬಿಸಿನೀರಿನ ಬದಲು ಹಾಲಿನಲ್ಲಿ ನಾದಿದೆ. ನನ್ನ ನುಚ್ಚಿಗೆ ಹಾಲಿನ ಪುಡಿ ಕಲಸಿದೆ. ನನಗೆ ಗೊತ್ತಾಗದ ಹಾಗೆ ನಾದಿದೆ, ನನಗೆ ಗೊತ್ತಾಗದ ಹಾಗೆ ತಿನಿಸಿದೆ. ಒಂದು ತಿಂಗಳು. ಇದಕ್ಕೆ ಮೋಸ ಅನ್ನದೆ ಇನ್ನೇನು ಅನ್ನಬೇಕು, ನೀನೇ ಹೇಳು. ಕಳ್ಳ ಬೆಕ್ಕಿಗೆ ಗುಳಿಗೆ ತಿನಿಸುವ ಹಾಗೆ ಹೆತ್ತ ತಾಯಿಗೆ ತಿನಿಸಿದ್ದೀ.

ಅಷ್ಟಾದರೂ ಬಾಯಿ ಮುಚ್ಚಿಕೊಂಡು ಇದ್ದೆಯಾ? ನಿನ್ನೆ ಭಾನುವಾರ ಅಳಿಯಂದಿರ ಶಾಲೆಯ ಹಣಮೇಶ ಮಾಸ್ತರ ಹೆಂಡತಿ ಸಮೇತ ಊಟಕ್ಕೆ ಬಂದರು. ಊಟಕ್ಕೆ ಕೂತಾಗ ಆಕೆ, ಮೊದಲು ನೀನು ಚಹಾ ಕೊಟ್ಟಾಗ ನನಗೊಬ್ಬಳಿಗೆ ಕರಿ ಚಹಾ ಯಾಕೆ ಅಂತ ಕೇಳಿದಳು. ಪಾಪ, ಕೇಳಬೇಕಾದ ಮಾತೇ ಕೇಳಿದಳು. ನೀನು ಸೌಟು ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು ಹೇಳಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ.

"ನಮ್ಮವ್ವ ಹಾಲು ಒಗ್ಗೂದಿಲ್ಲಂತ ನಾ ಹುಟ್ಟಿದಾಗಿಂದ ಹೇಳಾಕತ್ಯಾಳ. ಒಂದು ತಿಂಗಳಾತು, ದಿನಾ ಹಾಲಾಗ ನಾದಿ ರೊಟ್ಟಿ ತಿನಿಸಾಕತ್ತೇನಿ. ಏನರ ಆಗ್ಯದೇನು, ನೋಡ್ರಿ."

ಎಲ್ಲರೂ ನನ್ನನ್ನು ನೋಡಿದರು. ಅಂಗಡಿಯಲ್ಲಿ ಇಟ್ಟ ಸಾಮಾನು ನೋಡುವ ಹಾಗೆ ಮೇಲಿನಿಂದ ಕೆಳಗಿನವರೆಗೆ ನೋಡಿದರು. ಹಣಮೇಶ ಮಾಸ್ತರ ಹಪ್ಪಳ ಮುರಿಯುತ್ತಾ, "ಹೊಟ್ಟ್ಯಾಗ ಏನಿಲ್ರಿ, ಎಲ್ಲಾ ತಲ್ಯಾಗ ಅದ" ಅಂದ. ನಗು ಎದ್ದಿತು. ಅಳಿಯಂದಿರು ನಕ್ಕು, ಆಮೇಲೆ ನನ್ನ ಮುಖ ನೋಡಿ ಕೆಳಗೆ ನೋಡಿದರು. ಮೊಮ್ಮಗಳು ಸಪ್ನಾ ಕೂಡ ನಕ್ಕಿತು, ಅದು ಕೂಸು, ಎಲ್ಲರೂ ನಕ್ಕರು ಅಂತ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನೀನು. ಗೆದ್ದವರ ನಗು ಅದು. ತಟ್ಟೆ ಬಿಟ್ಟು ಎದ್ದೆ, ಚೀಲ ತೆಗೆದುಕೊಂಡೆ, ಬಂದುಬಿಟ್ಟೆ. ಔಷಧದ ಡಬ್ಬಿ ಅಲ್ಲೇ ಕಿಟಕಿಯ ಮೇಲೆ ಉಳಿದಿದೆ.

ಮನೆಗೆ ಬಂದು ನಿಮ್ಮಪ್ಪನಿಗೆ ಹೇಳಿದರೆ ಅವರೇನು ಅಂದರು ಗೊತ್ತೇ? ತೊಗರಿ ರಾಶಿ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದರು. ಮಗಳು ಹಾಲೇ ಹಾಕಿದ್ದಾಳೆ, ಬೆಳೆಗೆ ಹೊಡೆಯುವ ಎಂಡ್ರಿನ್ ಅಲ್ಲವಲ್ಲ ಅಂದರು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ದಿನಕ್ಕೆ ನಾಲ್ಕು ಸಲ ಹಾಲಿನ ಚಹಾ ಹೀರುವ ಮನುಷ್ಯ ಮತ್ತೇನು ಅಂದಾರು. ಮೂವತ್ತೈದು ವರ್ಷದ ಸಂಸಾರದಲ್ಲಿ ಅವರೂ ಒಂದು ದಿನ ಯಾಕೆ ಅಂತ ಕೇಳಿಲ್ಲ. ನಾನೂ ಹೇಳಿಲ್ಲ. ಈಗ ಹೇಳುತ್ತೇನೆ, ನಿನಗೆ. ಪ್ರೀತಿಗೆ ಹೇಳುತ್ತಿಲ್ಲ, ಸಿಟ್ಟಿಗೆ ಹೇಳುತ್ತಿದ್ದೇನೆ. ನಿನ್ನ ಮುಖಕ್ಕೆ ಎಸೆಯಲು ಬೇರೆ ಏನೂ ನನ್ನ ಕೈಯಲ್ಲಿ ಇಲ್ಲ.

ನಿಮ್ಮ ಅಜ್ಜಿ ಶೇಖಮ್ಮ ಊರೊಳಗಿನ ಒಂದು ದೊಡ್ಡ ಮನೆಯ ಕೊಟ್ಟಿಗೆಯಲ್ಲಿ ಕೆಲಸಕ್ಕಿದ್ದಳು. ಹೆಸರು ಬರೆಯುವುದಿಲ್ಲ, ಬರೆದರೆ ನೀನು ಕಚೇರಿಯಲ್ಲಿ ಕೂತು ಅವರ ಮೊಮ್ಮಕ್ಕಳ ಅರ್ಜಿ ಹಿಡಿದು ಕೂರುತ್ತೀ, ನಿನ್ನ ಬುದ್ಧಿ ನನಗೆ ಗೊತ್ತು. ಎಮ್ಮೆಗಳಿಗೆ ಹುಲ್ಲು ಕೊಯ್ದು ತರುವವಳು ನಿಮ್ಮ ಅಜ್ಜಿ. ಹೆಂಡಿ ಸಗಣಿ ಬಳಿಯುವವಳು, ಮೈ ತೊಳೆಯುವವಳು, ಈಯುವ ಎಮ್ಮೆಯ ಕಾಲ ಬಳಿ ರಾತ್ರಿ ಕೂರುವವಳು ಅವಳೇ. ಹಾಲು ಹಿಂಡುವ ಹೊತ್ತಿಗೆ ಮಾತ್ರ ಹೊರಗೆ ಬರಬೇಕು. ಎಮ್ಮೆಯನ್ನು ಮುಟ್ಟಬಹುದು, ಎಮ್ಮೆಯ ಹಾಲು ಮುಟ್ಟಬಾರದು.

ನಮ್ಮ ಕಡೆ ಮಜ್ಜಿಗೆ ಮಾರುವುದಿಲ್ಲ, ಮಾರಿದರೆ ಎಮ್ಮೆ ಬತ್ತುತ್ತದೆ ಅನ್ನುತ್ತಿದ್ದರು. ಕಡೆದ ದಿನ ಓಣಿಯವರೆಲ್ಲ ಚರಿಗೆ ಹಿಡಿದು ಹೋಗಿ ಪುಕ್ಕಟೆ ತರಬೇಕು. ಊರೊಳಗಿನ ಮಕ್ಕಳು ಪಡಸಾಲೆಗೆ ಹೋಗಿ ಇಸಿದುಕೊಳ್ಳುತ್ತಿದ್ದರು. ನಮ್ಮ ಕೇರಿಯ ಮಕ್ಕಳು ಕಟ್ಟೆಯ ಕೆಳಗೆ ನಿಲ್ಲಬೇಕು. ಮೇಲಿನಿಂದ ಸುರಿಯುತ್ತಿದ್ದರು, ನಾವು ಕೆಳಗೆ ಚರಿಗೆ ಹಿಡಿದು ಆ ಕಡೆ ಈ ಕಡೆ ಓಡಾಡುತ್ತಿದ್ದೆವು. ಅರ್ಧ ಚರಿಗೆಗೆ, ಅರ್ಧ ಮೈಮೇಲೆ. ನನಗೆ ಅದರಲ್ಲಿ ಬೇಜಾರೂ ಇರಲಿಲ್ಲ, ಆಟದ ಹಾಗಿತ್ತು. ಮನೆಗೆ ಹೋಗುತ್ತಾ ಮೊಣಕೈ ನೆಕ್ಕಿಕೊಂಡು ಹೋಗುತ್ತಿದ್ದೆ. ರುಚಿ ಇತ್ತು, ಸುಳ್ಳು ಯಾಕೆ ಹೇಳಲಿ.

ಒಂದು ಬೇಸಿಗೆ ನಿನ್ನ ಸೋದರಮಾವ ಬಾಲರಾಜ ಇನ್ನೂ ತೊಡೆಯ ಮೇಲಿನ ಕೂಸು, ಮೈತುಂಬ ದಡಾರದ ಗೊಬ್ಬರ ಎದ್ದು ಬಳಲಿಬಿಟ್ಟ. ನಮ್ಮ ಅವ್ವನ ಎದೆಯಲ್ಲಿ ಹಾಲು ಬತ್ತಿತ್ತು. ದವಾಖಾನೆಯಲ್ಲಿ ಹಾಲು ಕುಡಿಸಿ ಅಂದರು. ಅವ್ವ ಒಡತಿಯನ್ನು ಕೇಳಲು ಹಿಂದೆಮುಂದೆ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಹಿಂಡುವ ಹೊತ್ತು ನೋಡಿ ಲೋಟ ತೆಗೆದುಕೊಂಡು ನಾನೇ ಹೋದೆ. ಆ ಮನೆಯ ಮುದುಕಿ ಆಗಷ್ಟೇ ಹಿಂಡಿದ ಹಾಲಿನ ಗಡಿಗೆ ಕಟ್ಟೆಯ ಮೇಲೆ ಇಟ್ಟಿದ್ದಳು, ನೊರೆ ಇನ್ನೂ ಮೇಲೇ ಇತ್ತು. ಕೂಸಿಗೆ ಒಂದು ಲೋಟ ಹಾಲು ಕೊಡ್ರಿ ಅಂತ ಕೈ ಚಾಚಿದೆ. ಚಾಚಿದ್ದು ಜರಾ ಹೆಚ್ಚಾಯಿತು. ಲೋಟದ ಅಂಚು ಗಡಿಗೆಗೆ ತಾಗಿ ಟಣ್ ಅಂದಿತು.

ಮುದುಕಿ ನನಗೆ ಬೈಯಲಿಲ್ಲ, ಹೊಡೆಯಲಿಲ್ಲ. ಕೊಟ್ಟಿಗೆಯ ಕಡೆ ತಿರುಗಿ ನಮ್ಮ ಅವ್ವನನ್ನು ಕರೆದಳು. ಅವ್ವ ಹೆಂಡಿ ಕೈಯಲ್ಲೇ ಓಡಿ ಬಂದಳು. ಮುದುಕಿ ಗಡಿಗೆ ಎತ್ತು ಅಂದಳು. ಅವತ್ತಿನವರೆಗೆ ಆ ಗಡಿಗೆಯನ್ನು ನಮ್ಮ ಅವ್ವ ಮುಟ್ಟಿರಲಿಲ್ಲ, ನಾನು ಮುಟ್ಟಿಸಿದ ಮೇಲೆ ಅದನ್ನು ಅವಳೊಬ್ಬಳೇ ಮುಟ್ಟಬೇಕಾಯಿತು.

"ತಿಪ್ಪಿಗಿ ಚೆಲ್ಲು" ಅಂದಳು ಮುದುಕಿ.

ಅವ್ವ ಗಡಿಗೆ ಹೊತ್ತು ತಿಪ್ಪೆಯವರೆಗೆ ಹೋಗಿ ನಿಂತಳು. ತಿರುಗಿ ನೋಡಿದಳು. ಕೂಸಿಗೆ ಒಯ್ಯಲೇ ಅಂತ ಬಾಯಿ ಬಿಟ್ಟು ಕೇಳಲಿಲ್ಲ, ಕಣ್ಣಲ್ಲಿ ಕೇಳಿದಳು. ಮುದುಕಿ ಕಟ್ಟೆಯ ಮೇಲೆ ನಿಂತು ನೋಡುತ್ತಲೇ ಇದ್ದಳು. ಇಂಥದ್ದಕ್ಕೆಲ್ಲ ಒಂದು ಸಲ ಬಿಟ್ಟರೆ ದಿನಾ ಮುಟ್ಟಿಸುತ್ತಾರೆ ಅಂತ ಅವಳ ಲೆಕ್ಕ ಇರಬೇಕು. ಅವ್ವ ಸುರಿದಳು. ಬಿಸಿ ಹಾಲು ಹೆಂಡಿಯ ಮೇಲೆ ಹರಿದು ಹೋಯಿತು, ನಾಯಿ ಬಂದು ನೆಕ್ಕಿತು. ಪಡಸಾಲೆಯಲ್ಲಿದ್ದ ಆ ಮನೆಯ ಮಕ್ಕಳು ನನ್ನ ಕೈಯಲ್ಲಿನ ಖಾಲಿ ಲೋಟ ನೋಡಿ ನಕ್ಕರು. ಜೋರಾಗಿ ನಕ್ಕರು.

ಮನೆಗೆ ಬಂದ ಮೇಲೆ ನಾನು ಅವ್ವನ ಸೀರೆ ಹಿಡಿದು ಜಗಳ ತೆಗೆದೆ. ಯಾಕೆ ಚೆಲ್ಲಿದಿ, ಓಡಿ ಬರಬೇಕಿತ್ತು, ತಮ್ಮ ಅಳಾಕತ್ತಾನ ಅಂದೆ. ಅವ್ವ ಒಲೆಗೆ ಕಟ್ಟಿಗೆ ಹಾಕುತ್ತಾ ನನ್ನ ಮುಖ ನೋಡದೆ ಒಂದೇ ಮಾತು ಹೇಳಿದಳು.

"ನಮಗ ಹಾಲು ಒಗ್ಗೂದಿಲ್ಲ."

ಅವತ್ತು ಜೋಳದ ಗಂಜಿ ಸೋಸಿ ಕೂಸಿಗೆ ಕುಡಿಸಿದಳು. ಬಾಲರಾಜ ಬದುಕಿದ. ಈಗ ಸುರಪುರದಲ್ಲಿ ಲಾರಿ ಹೊಡೆಯುತ್ತಾನೆ, ಢಾಬಾದಲ್ಲಿ ಹಾಲು ಕೋವಾ ತಿಂದು ಹೊಟ್ಟೆ ಬೆಳೆಸಿದ್ದಾನೆ, ಅವನಿಗೆ ಎಲ್ಲ ಒಗ್ಗುತ್ತದೆ. ಅವನಿಗೆ ಇದೊಂದೂ ಗೊತ್ತಿಲ್ಲ. ನಾನು ಅವತ್ತಿನಿಂದ ಮುಟ್ಟಲಿಲ್ಲ. ಯಾರಾದರೂ ಕೇಳಿದರೆ ನಮ್ಮ ಅವ್ವನ ಮಾತೇ ಹೇಳಿದೆ. ಶಾಲೆಯಲ್ಲಿ ಹೇಳಿದೆ, ಬೀಗರ ಮನೆಯಲ್ಲಿ ಹೇಳಿದೆ, ನಿನ್ನನ್ನು ಹೆತ್ತಾಗ ನರ್ಸಮ್ಮನಿಗೆ ಹೇಳಿದೆ. ಹೇಳಿ ಹೇಳಿ ನಿನಗೂ ಬಾಯಿಪಾಠ ಆಯಿತು, ನೀನು ಡಾಕ್ಟರಿಗೇ ಹೇಳಿ ಚೀಟಿಯಲ್ಲಿ ಬರೆಸಿಬಿಟ್ಟೆ.

ಈಗ ಹೇಳು, ಹಣಮೇಶ ಮಾಸ್ತರನಿಗೆ ಇದು ಹೊಟ್ಟೆಯಲ್ಲಿದೆಯೋ ತಲೆಯಲ್ಲಿದೆಯೋ? ಅವನೂ ನಮ್ಮ ಕೇರಿಯಂಥದೇ ಕೇರಿಯಲ್ಲಿ ಬೆಳೆದವನು. ಅವನ ಅವ್ವನನ್ನು ಕೇಳಿದರೆ ಇಂಥವು ಹತ್ತು ಹೇಳುತ್ತಾಳೆ. ಅವನು ಕೇಳಿಲ್ಲ. ನೀನೂ ಕೇಳಿಲ್ಲ. ಬಾಬಾಸಾಹೇಬರ ಫೋಟೋಗೆ ಹಾರ ಹಾಕುವುದಕ್ಕೆ ಎಲ್ಲರೂ ಮುಂದೆ, ಮನೆಯ ಮುದುಕಿ ಕರಿ ಚಹಾ ಯಾಕೆ ಕುಡಿಯುತ್ತಾಳೆ ಅಂತ ಕೇಳಲು ಯಾರಿಗೂ ಪುರುಸೊತ್ತಿಲ್ಲ.

ಅಂಗನವಾಡಿಯಲ್ಲಿ ನಾನು ಹಾಲು ಹಾಕುವುದನ್ನು ನೀನು ಸಣ್ಣವಳಿದ್ದಾಗ ನೋಡಿದ್ದೀ. ಮಗುವಿನ ಲೋಟ ನನ್ನ ಕೈಯಲ್ಲಿ ಹಿಡಿದು, ಹಾಲು ಹಾಕಿ, ಅದರ ಎರಡೂ ಕೈಗೆ ಕೊಡುತ್ತೇನೆ. ಅವಸರದಲ್ಲಿ ಖಾಸಿಂಬೀ ಒಂದು ದಿನ ಸಾಲಾಗಿ ಕೂರಿಸಿ ಮೇಲಿನಿಂದ ಸುರಿದಳು ಅಂತ ಅವಳಿಗೆ ಬಾಯಿಗೆ ಬಂದಂತೆ ಬೈದಿದ್ದೆ. ಅವಳು ಎರಡು ದಿನ ಮಾತು ಬಿಟ್ಟಿದ್ದಳು. ಆ ದೊಡ್ಡ ಮನೆಯ ಮರಿಮಗಳೂ ಈಗ ನಮ್ಮ ಅಂಗನವಾಡಿಗೆ ಬರುತ್ತದೆ, ನನ್ನ ಕೈಯಿಂದಲೇ ಕುಡಿಯುತ್ತದೆ, ಇನ್ನೊಂದು ಲೋಟ ಬೇಕು ಅಂತ ಹಠ ಹಿಡಿಯುತ್ತದೆ. ನೀನು ಕಥೆ ಬರೆಯುವವಳಾಗಿದ್ದರೆ ಅಲ್ಲಿಗೆ ಮುಗಿಸುತ್ತಿದ್ದೆ. ನನಗೆ ಅದರಿಂದ ಏನೂ ತಣ್ಣಗಾಗಿಲ್ಲ. ಮಗುವಿನ ಮೇಲೆ ಸಿಟ್ಟಿಲ್ಲ, ಅಷ್ಟೇ.

ಹಾಲು ಊಟದಲ್ಲಿ ಇರಬೇಕೋ ಬೇಡವೋ ಅಂತ ನೀವು ಗಂಡ ಹೆಂಡತಿ ಬೇಕಾದಷ್ಟು ವಾದ ಮಾಡಿಕೊಳ್ಳಿ. ಒಗ್ಗುವವರು ಕುಡಿಯಲಿ, ಒಗ್ಗದವರು ಬಿಡಲಿ, ಬೇಡ ಅನಿಸಿದವರು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಿಂದು ಗಟ್ಟಿಯಾಗಿರಲಿ. ಸಪ್ನಾಳಿಗೆ ಹಾಲು ನಿಲ್ಲಿಸಬೇಡ, ಅಳಿಯಂದಿರ ಮೊಬೈಲಿನ ಮಾತು ಕೇಳಿ ಕೂಸಿನ ಲೋಟ ಕಸಿಯಬೇಡ. ಆದರೆ ನನ್ನ ಬಾಯಿಗೆ ಏನು ಹೋಗಬೇಕು ಅನ್ನುವುದನ್ನು ನಾನು ಹೇಳಬೇಕು. ನನ್ನ ಎಲುಬು ನಿನ್ನ ಕಚೇರಿಯ ಕಡತ ಅಲ್ಲ, ನನ್ನನ್ನು ಕೇಳದೆ ರುಜು ಹಾಕಿ ಮುಂದೆ ಕಳಿಸುವುದಕ್ಕೆ.

ಮುಂದಿನ ವಾರ ಪ್ಲಾಸ್ಟರ್ ತೆಗೆಸಬೇಕು. ಖಾಸಿಂಬೀ ಜೊತೆ ಹೋಗುತ್ತೇನೆ. ನೀನು ರಜೆ ಹಾಕುವುದು ಬೇಡ, ಬರುವುದೂ ಬೇಡ. ನಾನು ನಿನ್ನ ಮನೆಯ ಹೊಸ್ತಿಲು ಮತ್ತೆ ತುಳಿಯಬೇಕಾದರೆ ಒಂದು ಕೆಲಸ ಮಾಡು. ಆ ಗಂಡ ಹೆಂಡತಿಯನ್ನು ಮತ್ತೆ ಊಟಕ್ಕೆ ಕರೆ. ಅವರ ಮುಂದೆ ನಕ್ಕಿದ್ದೀ, ಅವರ ಮುಂದೆಯೇ ಹೇಳು, ನಮ್ಮ ಅವ್ವನನ್ನು ಕೇಳದೆ ಮಾಡಿದ್ದು ತಪ್ಪಾಯಿತು ಅಂತ. ತಿಪ್ಪೆಯ ಕಥೆ ಹೇಳಬೇಕಾಗಿಲ್ಲ, ಅದು ನಿನಗೆ ಬರೆದದ್ದು. ತಪ್ಪಾಯಿತು ಅನ್ನುವುದೊಂದನ್ನು ಹೇಳು. ಹೇಳಿದ ಮೇಲೆ ಫೋನ್ ಮಾಡು, ಎತ್ತುತ್ತೇನೆ. ಅದಕ್ಕೆ ಮೊದಲು ಎತ್ತುವುದಿಲ್ಲ, ನಿಮ್ಮಪ್ಪನ ಫೋನಿಗೆ ಮಾಡಿ ಜಾಣತನ ತೋರಿಸಬೇಡ.

ಸಪ್ನಾಳಿಗೆ ನನ್ನ ಆಶೀರ್ವಾದ. ಅಳಿಯಂದಿರಿಗೂ ಇರಲಿ, ಅವರು ಕೆಳಗೆ ನೋಡಿದರು. ನಿನ್ನದು ಬಾಕಿ ಇದೆ.

ನಿನ್ನ ಅವ್ವ,
ಸುಂದ್ರಮ್ಮ

ತಾ.ಕ.: ಪತ್ರ ಮಡಚಿ ಮತ್ತೆ ಬಿಚ್ಚಿದೆ. ಮೇಲೆ, ನನಗೆ ಗೊತ್ತಾಗದ ಹಾಗೆ ಅಂತ ಎರಡು ಸಲ ಬರೆದಿದ್ದೇನೆ. ಅದು ಸುಳ್ಳು. ಮೊದಲನೆಯ ದಿನ ಮೊದಲನೆಯ ತುತ್ತಿಗೇ ಗೊತ್ತಾಗಿತ್ತು. ಇಪ್ಪತ್ತಾರು ವರ್ಷದಿಂದ ನನ್ನ ಸೆರಗಿಗೆ ಹತ್ತಿದ ವಾಸನೆ ಅದು, ನನಗೆ ಗೊತ್ತಾಗದೆ ಇರುತ್ತದೆಯೇ? ತುತ್ತು ಬಾಯಲ್ಲಿಟ್ಟುಕೊಂಡು ನಿನ್ನ ಕಡೆ ನೋಡಿದೆ. ನೀನು ಒಲೆಯ ಮುಂದೆ ನಿಂತು, ಉಗುಳುತ್ತಾಳೋ ನುಂಗುತ್ತಾಳೋ ಅಂತ ಹೆದರಿಕೊಂಡು ನನ್ನನ್ನೇ ನೋಡುತ್ತಿದ್ದೆ. ಒಂದು ಕೈಯಲ್ಲಿ ರೊಟ್ಟಿ ಮುರಿಯಲು ಬರುವುದಿಲ್ಲ ಅಂತ ನೀನೇ ಮುರಿದು, ಪಲ್ಯ ಹಚ್ಚಿ, ತುತ್ತು ಮಾಡಿ ನನ್ನ ಕೈಗೆ ಇಟ್ಟಿದ್ದೆ. ನಮ್ಮ ಅವ್ವನಿಗಾಗಲಿ ನನಗಾಗಲಿ ಹಾಲನ್ನು ಹಾಗೆ ಕೈಗೆ ಕೊಟ್ಟವರು ಯಾರೂ ಇರಲಿಲ್ಲ. ಅದಕ್ಕೇ ನುಂಗಿದೆ. ದಿನಾ ಗೊತ್ತಿದ್ದೇ ತಿಂದೆ. ನಿನ್ನೆಯೂ ತಿನ್ನುತ್ತಾ ಕೂತಿದ್ದೆ, ನೀನು ನಗುವವರೆಗೆ.